ಹುಂಜವೋ ಹೇಂಟೆಯೋ? ಹಿತ್ತಲ ಕೋಳಿ ಪ್ರಶ್ನೋತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ ಮೇಲೆ. ಮರಿ ಗಂಡೋ ಹೆಣ್ಣೋ ತಿಳಿಯುವುದು ಹೇಗೆ? ಮಳೆ ನಿಂತು ಎಲ್ಲರ ಮನೆಯಲ್ಲೂ ಹೇಂಟೆಗಳು ಮರಿ ಇಳಿಸಿವೆ ಅಂತ ಕಾಣುತ್ತೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದನ್ನೇ ಬರೆಯುತ್ತಿದ್ದೇನೆ. ಪಶು ಇಲಾಖೆಯಲ್ಲಿದ್ದಷ್ಟು ಕಾಲವೂ ಜನ ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆಗಳಲ್ಲಿ ಇದೂ ಒಂದು.

ಪ್ರಶ್ನೆ: ಅಕ್ಕಾ, ನಮ್ಮ ನಾಟಿ ಹೇಂಟೆ 11 ಮರಿ ಮಾಡಿದೆ. ಇವತ್ತಿಗೆ ಆರು ದಿನ. ಪಕ್ಕದ ಮನೆಯವರು ಮೊಬೈಲಿನಲ್ಲಿ ವಿಡಿಯೊ ತೋರಿಸಿ, ಮರಿಯ ಹಿಂಭಾಗ ಅಮುಕಿ ನೋಡಿದರೆ ಗೊತ್ತಾಗುತ್ತೆ ಅಂತಾರೆ. ಹುಂಜದ ಮರಿಗಳನ್ನು ಈಗಲೇ ಯಾರಿಗಾದರೂ ಕೊಟ್ಟು ಹೇಂಟೆಗಳನ್ನು ಮಾತ್ರ ಉಳಿಸಿಕೊಳ್ಳುವ ಆಸೆ. ಹೇಗೆ ನೋಡಲಿ?
– ಓದುಗರೊಬ್ಬರು, ತುರುವೇಕೆರೆ

ತಮ್ಮಾ, ಮೊದಲು ಆ ಮರಿಗಳನ್ನು ಅಮುಕಬೇಡಿ. ಕೈ ಮುಗಿದು ಕೇಳುತ್ತೇನೆ.

ವಿಡಿಯೊದಲ್ಲಿ ತೋರಿಸಿದ್ದು ಸುಳ್ಳಲ್ಲ. ಜಪಾನಿನಲ್ಲಿ 1920ರ ದಶಕದಲ್ಲಿ ಮಸುಯಿ, ಹಾಶಿಮೊಟೊ ಎಂಬ ವಿಜ್ಞಾನಿಗಳು ಬೆಳಕಿಗೆ ತಂದ ವಿಧಾನ ಅದು. ಆಗಷ್ಟೇ ಹುಟ್ಟಿದ ಮರಿಯ ಹಿಂದ್ವಾರವನ್ನು ಬೆರಳಲ್ಲಿ ಬಿಡಿಸಿ ನೋಡಿದರೆ, ಗಂಡು ಮರಿಗೆ ಒಳಗೆ ಗುಂಡುಸೂಜಿಯ ತಲೆಯಷ್ಟು ಸಣ್ಣ ಗುಬುಟು ಇರುತ್ತದೆ. ಕಷ್ಟ ಏನಪ್ಪಾ ಅಂದರೆ, ಕೆಲವು ಹೆಣ್ಣು ಮರಿಗಳಿಗೂ ಅಂಥದೇ ಗುಬುಟು ಇರುತ್ತೆ. ಯಾವುದು ಗಟ್ಟಿ, ಯಾವುದು ಮೆತ್ತಗೆ, ಯಾವುದು ದುಂಡಗೆ ಅಂತ ಬೇರೆ ಮಾಡುವುದೇ ವಿದ್ಯೆ. ಇದನ್ನು ಕಲಿಯುವುದಕ್ಕೆ ತಿಂಗಳುಗಟ್ಟಲೆ ಬೇಕು. ಕೈ ಪಳಗಿದವರು ಗಂಟೆಗೆ ಸಾವಿರದ ಹತ್ತಿರ ಮರಿ ನೋಡುತ್ತಾರೆ, ನೂರಕ್ಕೆ 95ಕ್ಕಿಂತ ಜಾಸ್ತಿ ಸರಿಯಾಗಿ ಹೇಳುತ್ತಾರೆ. ಅವರೂ ನೋಡುವುದು ಹುಟ್ಟಿದ ಮೊದಲ ದಿನ. ನಿಮ್ಮ ಮರಿಗಳಿಗೆ ಆರು ದಿನ ಆಯಿತು.

ಇನ್ನೊಂದು ವಿಷಯ. ಮೊಟ್ಟೆಯಲ್ಲಿ ಉಳಿದ ಹಳದಿ ಭಾಗವನ್ನು ಮರಿ ಹೊರಗೆ ಬರುವ ಮುಂಚೆ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಮೊದಲ ಕೆಲವು ದಿನ ಅದೇ ಅದರ ಬುತ್ತಿ. ಗೊತ್ತಿಲ್ಲದ ಕೈ ಹೊಟ್ಟೆ ಅಮುಕಿದರೆ ಆ ಚೀಲ ಒಡೆಯುತ್ತದೆ, ಇಲ್ಲವೇ ಕರುಳಿಗೆ ಪೆಟ್ಟಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಮಾರನೇ ದಿನ ಮರಿ ಮುದುರಿ ಕೂರುತ್ತದೆ, ಸಂಜೆಗೆ ಇರುವುದಿಲ್ಲ. ಇಂಥ ಮರಿಗಳನ್ನು ಹಿಡಿದುಕೊಂಡು ಆಸ್ಪತ್ರೆಗೆ ಬಂದವರನ್ನು ನಾನು ಕಂಡಿದ್ದೇನೆ. ಆಮೇಲೆ ಕೊಡಲು ಔಷಧಿ ಇಲ್ಲ.

ಅದೇ ವಿಡಿಯೊಗಳಲ್ಲಿ ರೆಕ್ಕೆ ಬಿಡಿಸಿ ನೋಡುವುದನ್ನೂ ತೋರಿಸುತ್ತಾರೆ. ಮರಿಯ ರೆಕ್ಕೆಯನ್ನು ಬೀಸಣಿಗೆ ಹಾಗೆ ಮೆಲ್ಲಗೆ ಅಗಲಿಸಿದರೆ ಎರಡು ಸಾಲು ಗರಿ ಮೊಳಕೆ ಕಾಣುತ್ತವೆ. ಕೆಳಗಿನ ಸಾಲು ಉದ್ದ, ಮೇಲಿನದು ಗಿಡ್ಡ ಆಗಿದ್ದರೆ ಹೆಣ್ಣು. ಎರಡೂ ಸಮ ಇದ್ದರೆ, ಅಥವಾ ಮೇಲಿನದೇ ಉದ್ದ ಇದ್ದರೆ ಗಂಡು. ಇದು ನಿಜ. ಆದರೆ ಅದಕ್ಕೆಂದೇ ತಂದೆ ತಾಯಿಯನ್ನು ಆರಿಸಿ ಕೂಡಿಸಿದ ಹ್ಯಾಚರಿ ತಳಿಗಳಲ್ಲಿ ಮಾತ್ರ ನಿಜ. ಗರಿ ಬೇಗ ಬರುವ ಹುಂಜ, ಗರಿ ತಡವಾಗಿ ಬರುವ ಹೇಂಟೆ, ಈ ಜೋಡಿಯಿಂದ ಹುಟ್ಟಿದ ಹೆಣ್ಣು ಮರಿಗಳಿಗೆ ಗರಿ ಬೇಗ ಬರುತ್ತದೆ, ಗಂಡಿಗೆ ತಡ. ಅದನ್ನೂ ಮೊದಲ ಎರಡು ಮೂರು ದಿನದೊಳಗೇ ನೋಡಬೇಕು. ನಮ್ಮ ನಾಟಿ ಕೋಳಿಗೆ ಅಪ್ಪ ಯಾರು ಅಂತಲೇ ಎಷ್ಟೋ ಸಲ ಗೊತ್ತಿರುವುದಿಲ್ಲ, ಅಲ್ವಾ? ಪಕ್ಕದ ಬೀದಿಯ ಹುಂಜವೂ ಆಗಿರಬಹುದು. ಅಂಥ ಮರಿಗಳ ರೆಕ್ಕೆ ನೋಡಿ ತೀರ್ಮಾನ ಮಾಡುವುದು ಸುಮ್ನೆ ಊಹೆ.

ಹಾಗಾದರೆ ಏನು ಮಾಡಬೇಕು? ಕಾಯಬೇಕು, ಆದರೆ ನೋಡುತ್ತಾ ಕಾಯಬೇಕು. ನಮ್ಮವ್ವ ಒಂದು ಕೆಲಸ ಮಾಡುತ್ತಿದ್ದಳು. ಸಂಜೆ ಮರಿಗಳನ್ನು ಮಂಕರಿ ಕೆಳಗೆ ಮುಚ್ಚುವಾಗ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿ ಒಳಗೆ ಬಿಡುತ್ತಿದ್ದಳು. ಹುಂಜ ಅಂತ ಅನುಮಾನ ಬಂದ ಮರಿಯ ಕಾಲಿಗೆ ಕೆಂಪು ದಾರ ಸಡಿಲವಾಗಿ ಕಟ್ಟುತ್ತಿದ್ದಳು. ಕಾಲು ದಪ್ಪ ಆಗುತ್ತಾ ಬಂದ ಹಾಗೆ ಬಿಚ್ಚಿ ಮತ್ತೆ ಕಟ್ಟಬೇಕು, ಇಲ್ಲವಾದರೆ ಚರ್ಮಕ್ಕೆ ಕೊರೆಯುತ್ತದೆ. ನೀವೂ ಹೀಗೇ ಮಾಡಿ. ಒಂಟಿ ಮರಿಯನ್ನು ನೋಡಿ ಹೇಳುವುದಕ್ಕಿಂತ, ಒಂದೇ ದಿನ ಒಡೆದ ಅಣ್ಣತಮ್ಮ ಅಕ್ಕತಂಗಿಯರನ್ನು ಪಕ್ಕಪಕ್ಕ ಇಟ್ಟು ನೋಡುವುದು ಎಷ್ಟೋ ಸುಲಭ. ಇಡೀ ವಿಷಯದಲ್ಲಿ ನಾನು ಒತ್ತಿ ಹೇಳುವುದು ಇದೊಂದನ್ನೇ. ವಯಸ್ಸು ಬೇರೆ, ತಳಿ ಬೇರೆ ಆದ ಮರಿಗಳನ್ನು ಹೋಲಿಸಬೇಡಿ.

ಮೂರು ನಾಲ್ಕು ವಾರಕ್ಕೆ ಬಾಲ ನೋಡಿ. ಹೆಣ್ಣು ಮರಿಗೆ ಪುಟ್ಟ ನೇರ ಬಾಲ ಬಂದಿರುತ್ತದೆ. ಗಂಡು ಮರಿಯ ಹಿಂದೆ ಇನ್ನೂ ಮೋಟು, ಸ್ವಲ್ಪ ಕೆಳಕ್ಕೆ ಬಾಗಿದ ಹಾಗೆ. ಹೆಗಲ ಮೇಲೆ, ಬೆನ್ನ ಮೇಲೆ ಗಂಡಿಗೆ ಗರಿ ತಡವಾಗಿ ತುಂಬುವುದರಿಂದ ಅಲ್ಲಲ್ಲಿ ಬೋಳು ಕಾಣುತ್ತದೆ. ಈ ಹೊತ್ತಿಗೆ ಕೆಂಪು ದಾರ ಕಟ್ಟಬಹುದು. ತೀರ್ಮಾನ ಬೇಡ.

ಐದರಿಂದ ಏಳನೇ ವಾರದಲ್ಲಿ ಜುಟ್ಟು ಮಾತಾಡುತ್ತದೆ. ಗರಗಸದ ಹಲ್ಲಿನಂತೆ ನಿಂತಿರುವ ಒಂಟಿ ಜುಟ್ಟಿನ ಕೋಳಿಗಳಲ್ಲಿ ಗಂಡಿನ ಜುಟ್ಟು ದಪ್ಪ ಆಗಿ ಗುಲಾಬಿಯಿಂದ ಕೆಂಪಿಗೆ ತಿರುಗುತ್ತದೆ. ಗಲ್ಲದ ಕೆಳಗಿನ ಜೋಲುಗಳೂ ಕೆಂಪಾಗುತ್ತವೆ. ಹೆಣ್ಣಿನ ಜುಟ್ಟು ಗಿಡ್ಡ, ಮಾಸಲು ಹಳದಿ. ಆರು ವಾರಕ್ಕೇ ಕಡುಗೆಂಪು ಜುಟ್ಟು ಅಂದರೆ ಹುಂಜ ಅಂತ ನಂಬಬಹುದು. ಐದು ಆರು ತಿಂಗಳ ಕೋಳಿಗೆ ಈ ಲೆಕ್ಕ ಹಾಕಬೇಡಿ. ಮೊಟ್ಟೆಗೆ ಬರುವ ಹೊತ್ತಿಗೆ ಯಾಟೆಗಳ, ಅಂದರೆ ಎಳೆಯ ಹೇಂಟೆಗಳ, ಜುಟ್ಟೂ ಕೆಂಪಾಗುತ್ತದೆ.

ಬಣ್ಣವೂ ನೆರವಿಗೆ ಬರುತ್ತದೆ. ಹುಟ್ಟಿದಾಗ ಬೆನ್ನ ಮೇಲೆ ಅಳಿಲಿನ ಪಟ್ಟೆ ಇದ್ದ ಮರಿಗಳು ಬೆಳೆಯುವಾಗ ಹೆಣ್ಣಿನ ಎದೆ ಕಂದು ನಸುಗೆಂಪಾಗುತ್ತದೆ. ಗಂಡಿನ ಎದೆಯಲ್ಲಿ ಕಪ್ಪು ಗರಿ ಇಣುಕುತ್ತವೆ, ರೆಕ್ಕೆಯ ಹೆಗಲಲ್ಲಿ ಕೆಂಪು ಬೀಳುತ್ತದೆ. ಕಾಡುಕೋಳಿಯ ಬಣ್ಣ ಉಳಿಸಿಕೊಂಡ ನಾಟಿ ಕೋಳಿಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಪೂರ್ತಿ ಕಪ್ಪು, ಪೂರ್ತಿ ಬಿಳಿ ಮರಿಗಳಿಗೆ ಉಪಯೋಗವಿಲ್ಲ.

ಇನ್ನು ಕೊನೆಯ, ಗಟ್ಟಿ ಸಾಕ್ಷಿ. ಮೂರು ತಿಂಗಳ ಆಸುಪಾಸಿನಲ್ಲಿ ಕೋಳಿಯನ್ನು ತೊಡೆ ಮೇಲೆ ಕೂರಿಸಿಕೊಂಡು ಬೆನ್ನು ನೋಡಿ. ಬಾಲ ಶುರುವಾಗುವ ಮುಂಚೆ ಸೊಂಟದ ಇಳಿಜಾರಿನಲ್ಲಿರುವ ಗರಿಗಳು ಮುಖ್ಯ. ಒಂದು ಗರಿಯನ್ನು ಎರಡು ಬೆರಳ ನಡುವೆ ಹಿಡಿದು ಬೆಳಕಿಗೆ ಒಡ್ಡಿ. ಹೇಂಟೆಯದಾದರೆ ತುದಿ ಗುಂಡಗಿರುತ್ತದೆ, ಅಂಚಿನವರೆಗೂ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಬಟ್ಟೆ ನೇಯ್ದ ಹಾಗೆ ಕಾಣುತ್ತದೆ. ಹುಂಜದ್ದಾದರೆ ಗರಿ ಸಪೂರ, ತುದಿ ಚೂಪು. ಅಂಚಿನಲ್ಲಿ ಎಳೆಗಳು ಬಿಡಿಬಿಡಿ, ಅದಕ್ಕೇ ಆ ಮಿಂಚು. ಅಂಥ ಒಂದೇ ಒಂದು ಚೂಪು ಗರಿ ಸಿಕ್ಕಿದರೂ ಸಾಕು. ಈ ಹೊತ್ತಿಗೆ ಬಹಳಷ್ಟು ಮರಿಹುಂಜಗಳು ಗಂಟಲು ಕಟ್ಟಿದ ದನಿಯಲ್ಲಿ ಕೂಗಲು ಕಲಿತಿರುತ್ತವೆ, ಬಿಡಿ.

ಎದೆ ಉಬ್ಬಿಸಿ ಜಗಳಕ್ಕೆ ನಿಲ್ಲುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎಳೆಯ ಹೇಂಟೆಗಳೂ ಜಗಳ ಆಡುತ್ತವೆ. ಕಾಲಿನ ಮುಳ್ಳನ್ನೂ ನಂಬಬೇಡಿ, ವಯಸ್ಸಾದ ಹೇಂಟೆಗೂ ಮುಳ್ಳು ಬರುವುದುಂಟು.

ಗಂಡು ಮರಿಗಳನ್ನು ಈಗಲೇ ಕೊಟ್ಟುಬಿಡುವ ಯೋಚನೆ ಬಿಡಿ. ಆರು ದಿನದ ಮರಿಯನ್ನು ತಾಯಿಯಿಂದ ಬೇರೆ ಮಾಡಿದರೆ ಚಳಿಗೇ ಹೋಗುತ್ತದೆ. ಒಂದು ತಂಡದಲ್ಲಿ ಸರಾಸರಿ ಅರ್ಧ ಗಂಡು ಅಂತ ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಮರಿ ಮಾಡಿಸಿ. 11ರಲ್ಲಿ ಎಂಟು ಗಂಡಾದರೂ ಆಶ್ಚರ್ಯವಿಲ್ಲ. ಹಾಗೆ ಬೆಳೆದ ಹುಂಜ ನಷ್ಟವೂ ಅಲ್ಲ. ಯುಗಾದಿ ಮಾರನೇ ದಿನ ಹೊಸತೊಡಕಿಗೆ, ಊರಿನ ಮಾರಮ್ಮನ ಹಬ್ಬಕ್ಕೆ ಒಳ್ಳೆ ನಾಟಿ ಹುಂಜ ಹುಡುಕಿಕೊಂಡು ಮನೆ ಬಾಗಿಲಿಗೇ ಬರುತ್ತಾರೆ. ಈಗ ನೀವು ಗಮನ ಕೊಡಬೇಕಾದ್ದು ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಗೆ. ಮೊದಲ ವಾರದಲ್ಲೇ ಹಾಕಿಸಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ನಾಳೆಯೇ ವಿಚಾರಿಸಿ.

ಪ್ರಶ್ನೆ: ನಮ್ಮಲ್ಲಿ ಕಡಕ್‌ನಾಥ್ ಮರಿಗಳಿವೆ. ಜುಟ್ಟು ಎಲ್ಲದಕ್ಕೂ ಕಪ್ಪೇ. ಕೆಂಪಾಗುವುದನ್ನು ಕಾಯುತ್ತಾ ಕೂತರೆ ಆಗುತ್ತದೆಯೇ?
– ಓದುಗರೊಬ್ಬರು, ಹಿರಿಯೂರು

ಆಗುವುದಿಲ್ಲ. ಕಡಕ್‌ನಾಥ್‌ಗೆ ಚರ್ಮ, ಜುಟ್ಟು, ಮೂಳೆಯ ಮೇಲಿನ ಪೊರೆ ಎಲ್ಲ ಕಪ್ಪು. ಬಣ್ಣ ಬಿಟ್ಟು ಗಾತ್ರ ನೋಡಿ. ಎರಡು ತಿಂಗಳಿಗೆ ಗಂಡಿನ ಜುಟ್ಟು ಎದ್ದು ನಿಂತಿರುತ್ತದೆ, ಹೆಣ್ಣಿನದು ತಲೆಗೆ ಅಂಟಿದಷ್ಟೇ. ಮೇಲೆ ಹೇಳಿದ ಸೊಂಟದ ಗರಿ ಇಲ್ಲೂ ಸುಳ್ಳು ಹೇಳುವುದಿಲ್ಲ.

ಅಸೀಲ್ ಸಾಕುವವರೂ ಇದನ್ನೇ ಕೇಳುತ್ತಿರುತ್ತಾರೆ. ಅಸೀಲ್ ಜುಟ್ಟು ಹುಟ್ಟಿನಿಂದಲೇ ಚಿಕ್ಕದು, ಚಪ್ಪಟೆ. ಜೋಲು ಇಲ್ಲವೆನ್ನುವಷ್ಟು ಕಡಿಮೆ. ಜುಟ್ಟು ನೋಡಿ ಹೇಂಟೆ ಅಂತ ಕೊಂಡು ತಂದವರು ಎಷ್ಟೋ ಜನ. ಅದಕ್ಕೆ ನಾಲ್ಕು ತಿಂಗಳವರೆಗೂ ತಾಳ್ಮೆ ಬೇಕು. ಬೋಳು ಕುತ್ತಿಗೆಯ ಕೋಳಿಗೆ ಕುತ್ತಿಗೆ ಗರಿ ಇರುವುದಿಲ್ಲ, ಸೊಂಟದ್ದು ಇರುತ್ತೆ. ಗಿರಿರಾಜ, ಸ್ವರ್ಣಧಾರದಂಥ ಹೆಬ್ಬಾಳದ ತಳಿಗಳಲ್ಲಿ ಹೆಣ್ಣು ಮರಿಯೂ ದಪ್ಪ ಕಾಲಿನದು. ನಾಟಿ ಮರಿಯ ಪಕ್ಕ ಇಟ್ಟು ನೋಡಿ "ಇದು ಹುಂಜ" ಅಂದುಬಿಡಬೇಡಿ.

ಪ್ರಶ್ನೆ: ಸಂತೆಯಲ್ಲಿ ಮಕ್ಕಳು ಹಟ ಮಾಡಿದರು ಅಂತ ಗುಲಾಬಿ, ಹಸಿರು ಬಣ್ಣದ ನಾಲ್ಕು ಮರಿ ತಂದೆ. ದೊಡ್ಡದಾದ ಮೇಲೆ ಮೊಟ್ಟೆ ಇಡುತ್ತವೆ ಅಂದರು ಮಾರಿದವರು. ನಿಜವೇ? ಅವು ಬಹಳ ಚೀರುತ್ತಿವೆ.
– ಓದುಗರೊಬ್ಬರು, ಗುಬ್ಬಿ

ತಂಗೀ, ಬೇಜಾರು ಮಾಡಿಕೊಳ್ಳಬೇಡ. ಅವು ಬಹುಪಾಲು ಎಲ್ಲವೂ ಗಂಡೇ. ಮೊಟ್ಟೆ ಫಾರಂಗಳಿಗೆ ಮರಿ ಕೊಡುವ ಹ್ಯಾಚರಿಗಳಲ್ಲಿ ಮೊದಲ ದಿನವೇ ಗಂಡು ಹೆಣ್ಣು ಬೇರೆ ಮಾಡುತ್ತಾರೆ. ಆ ತಳಿಯ ಗಂಡು ಮೊಟ್ಟೆ ಇಡುವುದಿಲ್ಲ, ಬ್ರಾಯ್ಲರ್ ಹಾಗೆ ಬೇಗ ಮಾಂಸವನ್ನೂ ಕಟ್ಟುವುದಿಲ್ಲ. ಅವರಿಗೆ ಅದು ಬೇಡದ ಮರಿ. ಬಹಳಷ್ಟನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಉಳಿದವು ಚಿಲ್ಲರೆ ಬೆಲೆಗೆ ಹೊರಗೆ ಬಂದು, ಬಣ್ಣದ ನೀರಿನಲ್ಲಿ ಮುಳುಗಿ ಸಂತೆ ಸೇರುತ್ತವೆ. ಜರ್ಮನಿಯಲ್ಲಿ ಹೀಗೆ ಗಂಡು ಮರಿಗಳನ್ನು ಕೊಲ್ಲುವುದನ್ನು 2022ರ ಜನವರಿಯಿಂದ ಕಾನೂನಿನಲ್ಲೇ ನಿಷೇಧಿಸಿದ್ದಾರೆ. ಅಲ್ಲಿ ಮೊಟ್ಟೆಯೊಳಗಿರುವಾಗಲೇ ಗಂಡು ಹೆಣ್ಣು ಪತ್ತೆ ಮಾಡುವ ಯಂತ್ರಗಳು ಬಂದಿವೆ. ನಮ್ಮಲ್ಲೂ ಅದು ಬರಲಿ ಅನ್ನುವುದು ನನ್ನ ಮನಸ್ಸಿನ ಆಸೆ.

ಅವು ಚೀರುತ್ತಿರುವುದು ಚಳಿಗೆ. ಮೊದಲ ವಾರ ಮರಿಗೆ 34–35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸಬಹುದು. ರಟ್ಟಿನ ಪೆಟ್ಟಿಗೆಗೆ ಭತ್ತದ ಹೊಟ್ಟು ಹಾಸಿ, ಒಂದು ಮೂಲೆಯಲ್ಲಿ 60 ವ್ಯಾಟಿನ ಹಳೇ ಬಲ್ಬು ತೂಗುಹಾಕು. ಎಲ್‌ಇಡಿ ಬಲ್ಬು ಶಾಖ ಕೊಡುವುದಿಲ್ಲ. ಮರಿಗಳು ಬಲ್ಬಿನ ಕೆಳಗೆ ಗುಂಪಾಗಿ ಒತ್ತಿಕೊಂಡರೆ ಶಾಖ ಸಾಲದು, ದೂರ ಓಡಿ ಬಾಯಿ ತೆರೆದರೆ ಜಾಸ್ತಿ. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕು, ಮರಿ ಮುಳುಗುವುದಿಲ್ಲ. ಫಾರಂ ಅಂಗಡಿಯಲ್ಲಿ ಮರಿಗಳ ಸ್ಟಾರ್ಟರ್ ಮೇವು ಸಿಗುತ್ತದೆ, ಬರೀ ಅಕ್ಕಿ ನುಚ್ಚು ಸಾಲದು.

ನಿಮ್ಮೂರಲ್ಲಿ ಯಾರ ಮನೆಯಲ್ಲಾದರೂ ಹೇಂಟೆ ಇವತ್ತು ನಾಳೆಯಲ್ಲಿ ಮರಿ ಇಳಿಸಿದ್ದರೆ, ರಾತ್ರಿ ಕತ್ತಲಲ್ಲಿ ಈ ನಾಲ್ಕನ್ನೂ ಅದರ ರೆಕ್ಕೆ ಕೆಳಗೆ ಸೇರಿಸಿ ನೋಡಬಹುದು. ಬೆಳಿಗ್ಗೆ ಎದ್ದ ಕೂಡಲೇ ಗಮನಿಸಬೇಕು. ಕುಕ್ಕಿದರೆ ತಕ್ಷಣ ಬೇರೆ ಮಾಡಿ. ಮರಿಗಳ ಬಣ್ಣ ಹೇಗೂ ಉಳಿಯುವುದಿಲ್ಲ, ತುಪ್ಪಟ ಉದುರಿ ಬಿಳಿ ಗರಿ ಬರುತ್ತದೆ. ಚೆನ್ನಾಗಿ ನೋಡಿಕೊಂಡರೆ ಒಳ್ಳೆ ಬಿಳಿ ಹುಂಜಗಳೇ ಆಗುತ್ತವೆ. ಮಕ್ಕಳಿಗೆ ಆ ಮಾತು ಈಗಲೇ ಹೇಳಿಬಿಡು.

ಪ್ರಶ್ನೆ: ನಾನು ಏಳನೇ ತರಗತಿ. ನಮ್ಮಜ್ಜಿ ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಬರುತ್ತೆ ಅಂತ ಹೇಳುತ್ತಾರೆ. ಹೌದಾ ಆಂಟಿ?
– ವಿದ್ಯಾರ್ಥಿನಿ, ಕಡೂರು

ಪುಟ್ಟೀ, ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸ್ ದೇಶದ ಅರಿಸ್ಟಾಟಲ್ ಕೂಡ ಇದರ ಬಗ್ಗೆ ಬರೆದಿದ್ದಾನೆ. ಅವನು ಹೇಳಿದ್ದು ಉಲ್ಟಾ, ಉದ್ದ ಚೂಪು ಮೊಟ್ಟೆಯಲ್ಲಿ ಹೆಣ್ಣು ಅಂತ. ಇಬ್ಬರದೂ ಸರಿಯಲ್ಲ. ಮರಿ ಗಂಡೋ ಹೆಣ್ಣೋ ಅನ್ನುವುದು ತಾಯಿ ಕೋಳಿಯ ಹೊಟ್ಟೆಯಲ್ಲಿ ಹಳದಿ ಭಾಗ ಬಿಡುಗಡೆ ಆಗುವ ಹೊತ್ತಿಗೇ ನಿಶ್ಚಯವಾಗುತ್ತದೆ. ಚಿಪ್ಪು ಕಟ್ಟುವುದು ಆಮೇಲೆ. ಮನುಷ್ಯರಲ್ಲಿ ಇದು ಅಪ್ಪನ ಕಡೆಯಿಂದ, ಕೋಳಿಯಲ್ಲಿ ಅಮ್ಮನ ಕಡೆಯಿಂದ. ಹುಂಜಕ್ಕೆ ಎರಡೂ ಝಡ್ ಕ್ರೋಮೊಸೋಮ್, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯು.

ನಿಮ್ಮ ಮನೆಯಲ್ಲೇ ಗಮನಿಸು. ಒಂದೇ ಹೇಂಟೆ ಇಡುವ ಮೊಟ್ಟೆಗಳೆಲ್ಲ ಹೆಚ್ಚೂಕಡಿಮೆ ಒಂದೇ ಆಕಾರ. ಅಜ್ಜಿ ಹೇಳಿದ್ದು ನಿಜವಾಗಿದ್ದರೆ ಚೂಪು ಮೊಟ್ಟೆ ಇಡುವ ಕೋಳಿಗೆ ಹೆಣ್ಣು ಮರಿಯೇ ಹುಟ್ಟಬಾರದಿತ್ತಲ್ವಾ? ಪರೀಕ್ಷೆ ಮಾಡಬೇಕೆಂದರೆ ಎರಡು ಹೇಂಟೆ ಒಟ್ಟಿಗೆ ಕಾವಿಗೆ ಕೂತಾಗ, ಒಂದರ ಕೆಳಗೆ ಚೂಪಿನವು, ಇನ್ನೊಂದರ ಕೆಳಗೆ ಗುಂಡಗಿನವು ಇಡು. 21 ದಿನಕ್ಕೆ ಮರಿ ಬರುತ್ತವೆ. ಎರಡು ತಂಡಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ ಮೂರು ತಿಂಗಳ ಮೇಲೆ ಎಣಿಸು. ಲೆಕ್ಕ ನನಗೆ ಬರೆದು ಕಳಿಸು, ಈ ಅಂಕಣದಲ್ಲೇ ಹಾಕುತ್ತೇನೆ. ಉಂಗುರಕ್ಕೆ ದಾರ ಕಟ್ಟಿ ಮೊಟ್ಟೆ ಮೇಲೆ ತೂಗಾಡಿಸುವುದು, ಮರಿಯನ್ನು ತಲೆಕೆಳಗೆ ಹಿಡಿಯುವುದು, ಇವನ್ನೂ ಯಾರಾದರೂ ಹೇಳಿಕೊಡಬಹುದು. ಮರಿಯನ್ನು ಮಾತ್ರ ತಲೆಕೆಳಗೆ ಹಿಡಿಯಬೇಡ, ಅದಕ್ಕೆ ಹಿಂಸೆ.

ಪ್ರಶ್ನೆ: ನಮ್ಮ ಮೂರು ವರ್ಷದ ಹೇಂಟೆ ಹುಂಜದ ಹಾಗೆ ಕೂಗುತ್ತಿದೆ. ಮನೆಗೆ ಕೇಡು, ಕುಯ್ದುಬಿಡಿ ಅಂತಾರೆ. ಮೊದಲಿನಿಂದಲೂ ಹುಂಜವೇ ಆಗಿತ್ತೇ?
– ಓದುಗರೊಬ್ಬರು, ಚನ್ನರಾಯಪಟ್ಟಣ

ಮೊಟ್ಟೆ ಇಟ್ಟಿದ್ದರೆ ಅದು ಹೇಂಟೆಯೇ. ಕೇಡು ಏನೂ ಇಲ್ಲ. ಹೇಂಟೆಗೆ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಒಂದೇ. ಅದಕ್ಕೆ ಗಂಟೋ ರೋಗವೋ ಬಂದು ಹಾಳಾದರೆ ಹೆಣ್ಣಿನ ಹಾರ್ಮೋನು ಕಡಿಮೆ ಆಗುತ್ತದೆ. ಕೋಳಿಯಲ್ಲಿ ಆ ಹಾರ್ಮೋನು ಇದ್ದರೇ ಹೇಂಟೆಯ ಗುಂಡು ಗರಿ. ಇಲ್ಲವಾದರೆ ಮುಂದಿನ ಸಲ ಗರಿ ಉದುರಿ ಹುಟ್ಟುವಾಗ ಹುಂಜದ ಚೂಪು ಗರಿಯೇ ಬರುತ್ತದೆ. ಜುಟ್ಟು ಬೆಳೆಯುತ್ತದೆ, ಕೂಗೂ ಬರಬಹುದು. ಗುಂಪಿನಲ್ಲಿ ಹುಂಜವೇ ಇಲ್ಲದಿದ್ದಾಗ ಯಜಮಾನಿಕೆ ವಹಿಸಿಕೊಂಡ ಹೇಂಟೆ ರೋಗವಿಲ್ಲದೆಯೂ ಕೂಗುವುದುಂಟು.

ಜನರ ಹೆದರಿಕೆ ಹೊಸದಲ್ಲ. 1474ರಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮೊಟ್ಟೆ ಇಟ್ಟಿತು ಅಂತ ಒಂದು ಹುಂಜವನ್ನು ವಿಚಾರಣೆ ಮಾಡಿ ಸುಟ್ಟರು. ಪಾಪ, ಅದೂ ನಿಮ್ಮ ಹೇಂಟೆಯ ಥರದ್ದೇ ಇದ್ದಿರಬೇಕು. ನಿಮ್ಮದು ಮೇವು ತಿಂದು ಲವಲವಿಕೆಯಿಂದ ಇದ್ದರೆ ಇರಲಿ ಬಿಡಿ. ಹೊಟ್ಟೆ ಊದಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ನಾವು ಅಮೆರಿಕದ ಉತ್ತರ ಕೆರೊಲಿನಾದಲ್ಲಿದ್ದೇವೆ. ಹಿತ್ತಲಲ್ಲಿ ಕೋಳಿ ಸಾಕಲು ನಮ್ಮ ಊರಿನ ನಗರಾಡಳಿತದ ಒಪ್ಪಿಗೆ ಇದೆ, ಹುಂಜಕ್ಕೆ ಇಲ್ಲ. ಹೆಣ್ಣು ಮರಿಗಳನ್ನೇ ಹೇಗೆ ತರುವುದು?
– ಹಾಸನದ ಕಡೆಯ ಓದುಗರು

ನಿಮ್ಮಲ್ಲಿ ಬಣ್ಣದಿಂದಲೇ ಗೊತ್ತಾಗುವ ಮಿಶ್ರತಳಿ ಮರಿಗಳು ಸಿಗುತ್ತವೆ, ಸೆಕ್ಸ್‌ಲಿಂಕ್ ಅಂತ ಕೇಳಿ. ರೋಡ್ ಐಲ್ಯಾಂಡ್ ರೆಡ್ ಹುಂಜಕ್ಕೆ ಪಟ್ಟೆ ಪಟ್ಟೆ ಪ್ಲಿಮತ್ ರಾಕ್ ಹೇಂಟೆ ಕೂಡಿಸಿದರೆ ಮರಿಗಳೆಲ್ಲ ಕಪ್ಪು. ಗಂಡು ಮರಿಯ ನೆತ್ತಿಯಲ್ಲಿ ಬಿಳಿ ಚುಕ್ಕೆ ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ಕೆಂಪು ಸೆಕ್ಸ್‌ಲಿಂಕ್‌ನಲ್ಲಿ ಹೆಣ್ಣು ಮರಿ ಕೆಂಚು, ಗಂಡು ತಿಳಿ ಹಳದಿ. ಹುಟ್ಟಿದ ದಿನವೇ ತಿಳಿಯುತ್ತದೆ, ಅಮುಕುವ ಕೆಲಸವಿಲ್ಲ. ತಾಯಿಯ ಪಟ್ಟೆ ಗಂಡು ಮಕ್ಕಳಿಗೆ ಮಾತ್ರ ಹೋಗುವುದರಿಂದ ಇದು ಸಾಧ್ಯ. ಈ ಮರಿಗಳು ದೊಡ್ಡವಾಗಿ ಅವುಗಳಿಂದ ಮತ್ತೆ ಮರಿ ಮಾಡಿಸಿದರೆ ಗುರುತು ಕೆಲಸ ಮಾಡುವುದಿಲ್ಲ. ತಲೆಮಾರು ಕಳೆದರೂ ಗುರುತು ಉಳಿಯುವ ತಳಿಗಳನ್ನು ಕೇಂಬ್ರಿಡ್ಜಿನ ಪನೆಟ್ ಎಂಬ ತಳಿವಿಜ್ಞಾನಿ ಶುರು ಮಾಡಿದ. ಪಿಯುಸಿ ಜೀವಶಾಸ್ತ್ರದಲ್ಲಿ ಓದಿದ ಪನೆಟ್ ಚೌಕ ಅವನದೇ. ಆ ಸಾಲಿನ ಕ್ರೀಮ್ ಲೆಗ್‌ಬಾರ್ ನಿಮ್ಮಲ್ಲಿ ಸಿಗುತ್ತದೆ, ಮೊಟ್ಟೆ ತಿಳಿನೀಲಿ.

ಬೇರೆ ತಳಿಯೇ ಬೇಕೆಂದರೆ ಹ್ಯಾಚರಿಯಲ್ಲಿ "ಪುಲೆಟ್" (ಹೆಣ್ಣು ಮರಿ) ಅಂತ ಬರೆದ ಪೆಟ್ಟಿಗೆಯಿಂದ ಕೊಳ್ಳಿ. "ಸ್ಟ್ರೇಟ್ ರನ್" ಅಂದರೆ ಗಂಡು ಹೆಣ್ಣು ಬೆರಕೆ. ಪುಲೆಟ್ ಪೆಟ್ಟಿಗೆಯಲ್ಲೂ ಅಪರೂಪಕ್ಕೆ ಒಂದು ಗಂಡು ನುಸುಳುತ್ತದೆ. ಆದ್ದರಿಂದ ಮರಿ ತರುವ ಮೊದಲೇ, ಹುಂಜ ಬಂದರೆ ತೆಗೆದುಕೊಳ್ಳುವ ಹಳ್ಳಿ ಕಡೆಯ ಫಾರಂ ಒಂದನ್ನು ಮಾತಾಡಿಟ್ಟುಕೊಳ್ಳಿ. ಮೊಟ್ಟೆಗೆ ಹುಂಜ ಬೇಕಿಲ್ಲ. ಮರಿ ಮಾಡಿಸಲು ಮಾತ್ರ ಬೇಕು.